ಮೆಟ್ಟಿಲಕ್ಕನ ದವಡೆ ನೋವು

ಆ ಕಟ್ಟಡದ ಲಿಫ್ಟ್ ಮತ್ತೆ ಕೆಟ್ಟಿತ್ತು. ಬಾಗಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ‘ದುರಸ್ತಿಯಲ್ಲಿದೆ’ ಎಂಬ ಹಲಗೆ ತೂಗುಹಾಕಿದ್ದರು. ಹಲಗೆಯ ಮೇಲೆ ಧೂಳು ಕೂತಿತ್ತು, ದುರಸ್ತಿಗೆ ಮಾತ್ರ ಯಾರೂ ಬಂದಿರಲಿಲ್ಲ. ಬಾಡಿಗೆಯವರು ಬೈದುಕೊಂಡು ಹತ್ತುತ್ತಿದ್ದರು, ಬೈದುಕೊಂಡು ಇಳಿಯುತ್ತಿದ್ದರು. ಬೈಯದೆ ಹತ್ತುತ್ತಿದ್ದವಳು ಒಬ್ಬಳೇ. ಅವಳ ಕೈಯಲ್ಲಿ ನೀರು ತುಂಬಿದ ಬಕೆಟ್, ಕಂಕುಳಲ್ಲಿ ನೆಲ ಒರೆಸುವ ಕೋಲು. ಬೈಯುವುದಕ್ಕೂ ಉಸಿರು ಬೇಕಲ್ಲ.

ನಾಲ್ಕು ಮಹಡಿಯ ಆ ಕಟ್ಟಡದ ಮೆಟ್ಟಿಲುಗಳನ್ನು ಗುಡಿಸಿ ಒರೆಸುವುದು ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಮೆಟ್ಟಿಲಕ್ಕ. ವಯಸ್ಸು ಐವತ್ತು ದಾಟಿತ್ತು. ಬೆಳಿಗ್ಗೆ ಮನೆಯ ಕೆಲಸ ಮುಗಿಸಿ ಇಲ್ಲಿಗೆ ಬರುತ್ತಿದ್ದಳು, ಇಲ್ಲಿನ ಕೆಲಸ ಮುಗಿಸಿ ಮನೆಯ ಕೆಲಸಕ್ಕೆ ಹೋಗುತ್ತಿದ್ದಳು.

ಇತ್ತೀಚೆಗೆ ಎರಡನೇ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಮೈಯೆಲ್ಲ ಹಿಂಡಿ ಹಿಪ್ಪೆಯಾದಂತೆ ಅನಿಸುತ್ತಿತ್ತು. ಜೊತೆಗೆ ಎಡಗಡೆಯ ದವಡೆಯಲ್ಲಿ ಹಗ್ಗ ಬಿಗಿದು ಎಳೆದಂಥ ನೋವು. ಬಕೆಟ್ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರೆ ನೋವು ಮೆಲ್ಲಗೆ ಇಳಿಯುತ್ತಿತ್ತು. ಎದ್ದು ಮತ್ತೆ ಹತ್ತಿದರೆ ಮತ್ತೆ ಬರುತ್ತಿತ್ತು. ಹಲ್ಲಿನದೇ ತೊಂದರೆ ಎಂದುಕೊಂಡು ಒಂದು ದವಡೆ ಹಲ್ಲನ್ನು ಕೀಳಿಸಿಕೊಂಡೂ ಆಗಿತ್ತು. ಹಲ್ಲು ಹೋಯಿತು, ನೋವು ಹೋಗಲಿಲ್ಲ. ಇನ್ನೊಂದು ಹಲ್ಲಿಗೂ ಇದೇ ಗತಿ ಬಂದಿರಬೇಕು ಎಂದುಕೊಂಡು ಸುಮ್ಮನಾಗಿದ್ದಳು.

“ಏನಕ್ಕ, ಕೂತುಬಿಟ್ರಿ?” ಎಂದು ವಾಚ್‌ಮನ್ ಕೆಳಗಿನಿಂದ ಕೇಳುತ್ತಿದ್ದ.

“ಏನಿಲ್ಲಪ್ಪ, ಸುಸ್ತು.”

ಎಲ್ಲದಕ್ಕೂ ಅವಳ ಬಳಿ ಅದೊಂದೇ ಉತ್ತರ.

ಅವಳ ಗಂಡನದು ಕ್ಷೌರದ ಅಂಗಡಿ. ಅಂಗಡಿಯ ಹಿಂದಿನ ಎರಡು ಕೋಣೆಗಳೇ ಮನೆ. ಒಂದರಲ್ಲಿ ಅತ್ತೆಯ ಮಂಚ. ಅತ್ತೆಗೆ ಸೊಂಟ ಹಿಡಿದು ಓಡಾಟ ಕಡಿಮೆಯಾಗಿತ್ತು, ಆದರೆ ನಾಲಿಗೆಗೆ ಯಾವ ಕಾಯಿಲೆಯೂ ಇರಲಿಲ್ಲ. ಗಂಡ ಗಿರಾಕಿ ಇಲ್ಲದ ಹೊತ್ತಿನಲ್ಲಿ ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತು ಸಿಗರೇಟು ಸೇದುತ್ತಿದ್ದ. ಅರ್ಧ ಹೊಗೆ ಅಂಗಡಿಗೆ, ಅರ್ಧ ಹೊಗೆ ಮನೆಗೆ. ಕಿಟಕಿಯ ಬಿಳಿ ಪರದೆ ಹಳದಿಗೆ ತಿರುಗಿತ್ತು.

ಹಿಂದಿನ ವರ್ಷ ಅವನ ಅಣ್ಣ ಇದ್ದಕ್ಕಿದ್ದಂತೆ ಕುಸಿದುಬಿದ್ದು ತೀರಿಹೋಗಿದ್ದ. ಹೃದಯಾಘಾತ ಎಂದಿದ್ದರು. ಅಂದಿನಿಂದ ಮೆಟ್ಟಿಲಕ್ಕನಿಗೆ ಗಂಡನದೇ ಚಿಂತೆ. ಅವನು ಕೆಮ್ಮಿದರೆ ಇವಳ ಎದೆ ಧಸಕ್ಕೆನ್ನುತ್ತಿತ್ತು. ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಬೇಡಿ ಬೇಡಿ ಬೇಸತ್ತಿದ್ದಳು. ಕೊನೆಗೆ ಎದುರು ಮನೆಯ ನರ್ಸಿನ ಕಿವಿಗೆ ಹಾಕಿದಳು. ನರ್ಸು ಆ ಬೀದಿಯ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದವಳು. ಬೀದಿಗೆಲ್ಲ ಅವಳು ‘ಸಿಸ್ಟರ್’.

ಒಂದು ಸಂಜೆ ಸಿಸ್ಟರ್ ಕೆಲಸ ಮುಗಿಸಿ ಬರುವಾಗ ಅಂಗಡಿಯ ಹೊಸ್ತಿಲಲ್ಲೇ ನಿಂತಳು.

“ಅಣ್ಣ, ನಾಳೆ ನಮ್ಮಲ್ಲಿ ರಕ್ತ ಪರೀಕ್ಷೆ ಇದೆ. ಕೊಲೆಸ್ಟ್ರಾಲ್, ಸಕ್ಕರೆ ಎರಡೂ ನೋಡ್ತಾರೆ. ಬನ್ನಿ.”

ಅವನು ಬಾಚಣಿಗೆ ಒರೆಸುತ್ತಾ ನಕ್ಕ. “ಕೊಲೆಸ್ಟ್ರಾಲಾ? ನನಗಾ? ನನ್ನನ್ನ ಗಾಣಕ್ಕೆ ಹಾಕಿ ತಿರುಗಿಸಿದ್ರೂ ಒಂದು ಚಮಚ ಎಣ್ಣೆ ಬರಲ್ಲ ಸಿಸ್ಟರ್. ಮೈಯಲ್ಲಿ ಮೂಳೆ ಬಿಟ್ರೆ ಏನಿದೆ?”

“ನಿಮ್ಮಣ್ಣನೂ ತೆಳ್ಳಗೇ ಇದ್ರಲ್ಲ.”

ಅವನ ನಗು ನಿಂತಿತು. ಒಳಗಿನ ಮಂಚದಿಂದ ಅತ್ತೆಯ ದನಿ ಬಂತು. “ಹೇಳು ತಾಯಿ, ಅವನಿಗೆ ಹೇಳು. ನನಗೂ ಕೇಳೋ ಹಾಗೆ ಹೇಳು. ಈ ಕೊಬ್ಬು ರಕ್ತನಾಳದೊಳಗೆ ಹೋಗಿ ಮಾಡೋದಾದ್ರೂ ಏನು? ಚರಂಡಿಗೆ ಕಸ ಕಟ್ಟಿಕೊಂಡ ಹಾಗೆ ಕಟ್ಟಿಕೊಳ್ಳುತ್ತಾ?”

ಸಿಸ್ಟರ್ ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತಳು. “ಎಲ್ಲರೂ ಹಾಗೇ ಅಂದ್ಕೋತಾರೆ ಅಜ್ಜಿ. ಆದ್ರೆ ಅದು ನಾಳದ ಒಳಗಡೆ ಅಂಟಿಕೊಳ್ಳೋ ಜಿಡ್ಡಲ್ಲ. ಗೋಡೆಯ ಒಳಕ್ಕೇ ಹೋಗುತ್ತೆ. ಕೊಬ್ಬು ನಮಗೆ ಬೇಕೇ ಬೇಕು. ರಕ್ತದಲ್ಲಿ ಸಣ್ಣ ಸಣ್ಣ ಕಣಗಳಾಗಿ ಓಡಾಡ್ತಾ ಇರುತ್ತೆ. ಆ ಕಣ ಲೆಕ್ಕಕ್ಕಿಂತ ಜಾಸ್ತಿಯಾದ್ರೆ ಒಂದಷ್ಟು ನಾಳದ ಗೋಡೆಯೊಳಗೆ ನುಸುಳಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಎಣ್ಣೆ ತೆರೆದಿಟ್ರೆ ಏನಾಗುತ್ತೆ?”

“ಕಮಟು ಹಿಡಿಯುತ್ತೆ.”

“ಅದೇ. ಅಲ್ಲಿ ಸಿಕ್ಕಿಕೊಂಡ ಕೊಬ್ಬೂ ಕಮಟು ಹಿಡಿಯುತ್ತೆ. ಸಿಗರೇಟಿನ ಹೊಗೆ, ಹೆಚ್ಚಿನ ಸಕ್ಕರೆ, ರಕ್ತದೊತ್ತಡ ಇದ್ರೆ ಇನ್ನೂ ಬೇಗ. ನಮ್ಮ ರಕ್ತದಲ್ಲಿ ಬಿಳಿ ಕಣಗಳಿದಾವಲ್ಲ, ರೋಗ ಬಂದ್ರೆ ಹೋರಾಡೋವು? ಅವಕ್ಕೆ ಈ ಕೆಟ್ಟ ಕೊಬ್ಬು ನಮ್ಮದು ಅಂತ ಗುರುತೇ ಸಿಗಲ್ಲ. ಯಾರೋ ಹೊರಗಿನೋರು ನುಗ್ಗಿದಾರೆ ಅಂತ ಓಡಿ ಬರ್ತಾವೆ.”

“ಅಂದ್ರೆ ನಮ್ಮ ಮೈಯೊಳಗೂ ಪೊಲೀಸರಿದಾರೆ ಅನ್ನು.”

“ಪೊಲೀಸರೂ ಹೌದು, ಕಸ ಎತ್ತೋರೂ ಹೌದು ಅಜ್ಜಿ. ಬಂದು ಆ ಕಮಟು ಕೊಬ್ಬನ್ನ ನುಂಗೋಕೆ ಶುರು ಮಾಡ್ತಾವೆ. ಒಳ್ಳೆ ಕೊಬ್ಬಾಗಿದ್ರೆ ಹೊಟ್ಟೆ ತುಂಬ್ತಿದ್ದ ಹಾಗೆ ನಿಲ್ಲಿಸಿಬಿಡ್ತಿದ್ವು. ಕಮಟು ಹಿಡಿದಿದ್ದನ್ನ ನುಂಗೋ ಬಾಯಿಗೆ ಮಾತ್ರ ಸಾಕು ಅನ್ನೋದೇ ಗೊತ್ತಿಲ್ಲ. ನುಂಗಿ ನುಂಗಿ ಊದಿಕೊಂಡು, ಸೋಪಿನ ನೊರೆ ಹಾಗಾಗಿ, ಕಡೆಗೆ ಅಲ್ಲೇ ಸತ್ತು ಬೀಳ್ತಾವೆ. ಸತ್ತವನ್ನ ಎತ್ತೋಕೆ ಇನ್ನಷ್ಟು ಬರ್ತಾವೆ. ಅವೂ ಅಲ್ಲೇ. ಹೀಗೆ ಗೋಡೆ ಒಳಗಡೆ ಕೀವು ತುಂಬಿದ ಹಾಗೆ ಒಂದು ಗಡ್ಡೆ ಬೆಳೆಯುತ್ತೆ. ವರ್ಷಗಟ್ಟಲೆ. ನೋವಿಲ್ಲ, ಸದ್ದಿಲ್ಲ.”

ಅತ್ತೆ ಬಾಯಿಗೆ ಸೆರಗು ಹಿಡಿದಳು. ಅಷ್ಟರಲ್ಲಿ ಬಾಗಿಲಿಗೆ ಬಂದು ಸಿಗರೇಟು ಹಚ್ಚಿದ್ದ ಗಂಡ ಅದನ್ನು ಹೊರಗೆಸೆದ. ಅಡುಗೆ ಮೂಲೆಯಲ್ಲಿ ಪಾತ್ರೆ ಉಜ್ಜುತ್ತಿದ್ದ ಮೆಟ್ಟಿಲಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಸದ್ಯ, ಇವರು ಒಪ್ಪಿದರೆ ಸಾಕು ಎಂಬುದೊಂದೇ ಅವಳ ಮನಸ್ಸಿನಲ್ಲಿದ್ದದ್ದು. ತನಗೂ ಈ ಮಾತಿಗೂ ಏನಾದರೂ ಸಂಬಂಧವಿರಬಹುದು ಎಂದು ಹೊಳೆಯಲೇ ಇಲ್ಲ.

ಮರುದಿನ ಅವಳೇ ಅವನನ್ನು ಹೊರಡಿಸಿಕೊಂಡು ಹೋದಳು. ದಿನವಿಡೀ ಜನರ ಗಂಟಲ ಮೇಲೆ ಕತ್ತಿ ಆಡಿಸುವ ಮನುಷ್ಯ ಸೂಜಿ ಕಂಡದ್ದೇ ಮುಖ ತಿರುಗಿಸಿ ಗೋಡೆಯ ಗಡಿಯಾರ ನೋಡತೊಡಗಿದ. ರಕ್ತ ತೆಗೆಯುವ ಕೋಣೆ ಮೇಲಿನ ಅಂತಸ್ತಿನಲ್ಲಿತ್ತು. ಅಲ್ಲಿಗೆ ಹತ್ತುವಾಗ ಮೆಟ್ಟಿಲಕ್ಕ ಹಿಂದೆ ಉಳಿದಿದ್ದಳು. ನಡುವೆ ಒಂದು ಕಡೆ ಕಂಬಿ ಹಿಡಿದು ನಿಂತು, ಇನ್ನೊಂದು ಕೈಯಲ್ಲಿ ದವಡೆ ಒತ್ತಿಕೊಂಡಿದ್ದಳು. ಮೇಲಿನಿಂದ ಸಿಸ್ಟರ್ ನೋಡಿದಳು.

“ಏನಕ್ಕ ಅದು?”

“ಹಲ್ಲು ನೋವು ಸಿಸ್ಟರ್.”

“ಹಲ್ಲು ಕೀಳಿಸಿದ್ರಲ್ಲ?”

“ಪಕ್ಕದ್ದಿರಬೇಕು.”

“ಊಟ ಮಾಡುವಾಗ ನೋವಾಗುತ್ತಾ?”

ಮೆಟ್ಟಿಲಕ್ಕ ಯೋಚಿಸಿದಳು. ಇಲ್ಲ. ಅಗಿಯುವಾಗ ಇಲ್ಲ, ಬಿಸಿ ಕುಡಿದಾಗ ಇಲ್ಲ, ಮಲಗಿದಾಗ ಇಲ್ಲ. “ಹತ್ತುವಾಗ ಮಾತ್ರ. ಕೂತ್ರೆ ಹೋಗುತ್ತೆ.”

ಸಿಸ್ಟರ್ ಅವಳ ಕೈ ಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. “ಹತ್ತುವಾಗ ಬಂದು ಕೂತಾಗ ಹೋಗೋ ಹಲ್ಲು ನೋವು ಇಲ್ಲ ಅಕ್ಕ. ಹೆಂಗಸರಿಗೆ ಎಷ್ಟೋ ಸಲ ಎದೆನೋವು ಎದೇಲಿ ಕಾಣಿಸಿಕೊಳ್ಳಲ್ಲ. ದವಡೇಲಿ, ಬೆನ್ನಲ್ಲಿ, ಬರೀ ಸುಸ್ತಲ್ಲಿ ಕಾಣಿಸುತ್ತೆ.”

ಡಾಕ್ಟರು ಇಸಿಜಿ ತೆಗೆಸಿದರು. ಅದರಲ್ಲಿ ಏನೂ ಕಾಣಲಿಲ್ಲ. ಆದರೂ ಅವರು ನಿರಾಳರಾಗಲಿಲ್ಲ. “ಮಲಗಿದ್ದಾಗ ತೆಗೆದದ್ದು ಸರಿಯಾಗಿ ಕಂಡರೆ ಎಲ್ಲ ಸರಿಯಿದೆ ಅಂತಲ್ಲ ತಾಯಿ. ಈ ವಾರದಲ್ಲೇ ದೊಡ್ಡಾಸ್ಪತ್ರೆಗೆ ಹೋಗಿ. ಅಲ್ಲೀವರೆಗೆ ಈ ಮಾತ್ರೆ ತಪ್ಪಿಸಬೇಡಿ, ಭಾರ ಎತ್ತಬೇಡಿ.” ಹೊರಡುವಾಗ ಸಿಸ್ಟರ್ ಮತ್ತೊಮ್ಮೆ ಹೇಳಿದಳು. “ಕೂತ ಮೇಲೂ ನೋವು ಇಳೀಲಿಲ್ಲ ಅಂದ್ರೆ, ಬೆವರು ಬಂದ್ರೆ, ಕಾಯಬೇಡಿ. ಕೂಗಿ ಯಾರನ್ನಾದ್ರೂ ಕರೀರಿ, ಆಂಬುಲೆನ್ಸ್ ತರಿಸಿ.”

“ಮನೇಲಿ ಹೇಳಬೇಡಿ ಸಿಸ್ಟರ್.”

“ನಾನು ಹೇಳಲ್ಲ. ನೀವೇ ಹೇಳಬೇಕು.”

ಅವಳು ಹೇಳಲಿಲ್ಲ. “ಏನಂತೆ ನಿಂಗೆ?” ಎಂದು ದಾರಿಯಲ್ಲಿ ಗಂಡ ಕೇಳಿದ್ದಕ್ಕೆ “ಗ್ಯಾಸಂತೆ” ಎಂದುಬಿಟ್ಟಳು. ಹೇಳಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವನು ಹೆದರಿ ಇನ್ನೂ ಹೆಚ್ಚು ಸೇದುತ್ತಾನೆ. ಅತ್ತೆ ಸತ್ತ ಮಗನನ್ನು ನೆನೆದು ಅಳುತ್ತಾಳೆ. ಇಬ್ಬರಿಗೂ ಸಮಾಧಾನ ಹೇಳಬೇಕಾದವಳು ಮತ್ತೆ ತಾನೇ. ಅಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಗಂಡನ ಪರೀಕ್ಷೆಯ ಫಲಿತಾಂಶ ಬಂತು. ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಾಗಿತ್ತು. ಡಾಕ್ಟರು ಮಾತ್ರೆ ಬರೆದು, ಸಿಗರೇಟು ಬಿಡಲು ಹೇಳಿದರು. ಮೆಟ್ಟಿಲಕ್ಕ ಅವನ ಅಡುಗೆಯಲ್ಲಿ ಎಣ್ಣೆ, ಉಪ್ಪು ಕಡಿಮೆ ಮಾಡಿದಳು. ರಾತ್ರಿ ಊಟವಾದ ಮೇಲೆ ಮಾತ್ರೆಯನ್ನೂ ನೀರನ್ನೂ ಅವನ ಕೈಗೇ ಕೊಡುತ್ತಿದ್ದಳು. ತನ್ನ ಮಾತ್ರೆಯನ್ನು ಒಂದು ದಿನ ನುಂಗಿದರೆ ಎರಡು ದಿನ ಮರೆಯುತ್ತಿದ್ದಳು. ದೊಡ್ಡಾಸ್ಪತ್ರೆಗೆ ಹೋಗುವುದು ಆ ವಾರ ಆಗಲಿಲ್ಲ, ಅತ್ತೆಗೆ ಜ್ವರ. ಮುಂದಿನ ವಾರ ಕಟ್ಟಡದ ಅಂಗಳ ಗುಡಿಸುವವಳು ರಜೆ, ಆ ಕೆಲಸವೂ ಇವಳ ಮೇಲೆ ಬಿತ್ತು. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದು ಮುಂದೆ ಹಾಕಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ಮೂರನೇ ಮಹಡಿ ಮುಗಿಸಿ ಕೊನೆಯ ಸಾಲು ಮೆಟ್ಟಿಲು ಬಾಕಿಯಿದ್ದಾಗ ನೋವು ಬಂತು. ಅವಳು ಎಂದಿನಂತೆ ಕೂತಳು. ಕೂತೇ ಇದ್ದಳು. ನೋವು ಇಳಿಯಲಿಲ್ಲ. ದವಡೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬೆನ್ನಿಗೆ ಹರಡಿತು. ಹೊಟ್ಟೆ ತೊಳಸಿತು. ಹಣೆಯ ಮೇಲೆ ತಣ್ಣನೆಯ ಬೆವರು. ಸಿಸ್ಟರ್ ಹೇಳಿದ್ದು ನೆನಪಾಯಿತು. ಆದರೂ ತಲೆಯೆತ್ತಿ ಉಳಿದ ಮೆಟ್ಟಿಲುಗಳನ್ನು ನೋಡಿದಳು. ಇದಿಷ್ಟು ಒರೆಸಿಬಿಟ್ಟರೆ ಆಮೇಲೆ ಕರೆಯಬಹುದು ಎಂಬ ಯೋಚನೆ ಬಂತು! ಕೈ ಬಕೆಟ್ಟಿನ ಹಿಡಿಗೆ ಹೋಯಿತು. ಬೆರಳುಗಳು ಮುಚ್ಚಲಿಲ್ಲ.

ಆಗ ಅವಳು ಕೂಗಿದಳು. “ಯಾರಾದ್ರೂ ಬನ್ನೀ...”

ಅಷ್ಟು ವರ್ಷ ಆ ಕಟ್ಟಡದಲ್ಲಿ ಯಾರೂ ಅವಳ ಜೋರು ದನಿ ಕೇಳಿರಲಿಲ್ಲ. ಮೂರನೇ ಮಹಡಿಯ ಟೈಲರ್ ಹೆಂಗಸು ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತಾಡಿಸಿಕೊಂಡೇ ಓಡಿಬಂದಳು. ಬೆವರಿದ ಮುಖ ನೋಡಿದವಳು ಒಂದು ಪ್ರಶ್ನೆಯನ್ನೂ ಕೇಳದೆ ಆಂಬುಲೆನ್ಸಿಗೆ ಫೋನ್ ಮಾಡಿದಳು. ವಾಚ್‌ಮನ್ ಪಕ್ಕದ ಬೀದಿಯ ಕ್ಷೌರದಂಗಡಿಗೆ ಓಡಿದ. ಗಂಡ ಕೈಯಲ್ಲಿದ್ದ ಸೋಪಿನ ಬ್ರಷ್ಷನ್ನೂ ಕೆಳಗಿಡದೆ ಬಂದ. ಅವನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೂ ಓಡಿಬಂದು ಸ್ಟ್ರೆಚರಿನ ಒಂದು ತುದಿ ಹಿಡಿದ.

ಆಸ್ಪತ್ರೆಯಲ್ಲಿ ಹೃದಯಕ್ಕೆ ರಕ್ತ ಕೊಡುವ ನಾಳವೊಂದು ಮುಚ್ಚಿಹೋದದ್ದು ಕಂಡಿತು. ಮುಂಗೈಯ ನಾಳದಿಂದ ಸಣ್ಣ ಕೊಳವೆ ತೂರಿಸಿ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಸರಿಸಿ, ಸ್ಟೆಂಟ್ ಎಂಬ ಸಣ್ಣ ಜಾಲರಿ ಇಟ್ಟು ನಾಳ ತೆರೆದರು. “ಬೇಗ ತಂದಿರಿ. ಹೃದಯ ಹೆಚ್ಚು ಕೆಟ್ಟಿಲ್ಲ” ಎಂದರು ಅಲ್ಲಿನ ಡಾಕ್ಟರು.

ಮರುದಿನ ಸಿಸ್ಟರ್ ನೋಡಲು ಬಂದಾಗ ಗಂಡ ಮಂಚದ ಪಕ್ಕದಲ್ಲೇ ನಿಂತಿದ್ದ. ಮೆಟ್ಟಿಲಕ್ಕ ಮೆಲ್ಲಗೆ ಕೇಳಿದಳು. “ನಾನು ಒಂದು ಸಿಗರೇಟು ಮುಟ್ಟಿದವಳಲ್ಲ. ಹೊಟ್ಟೆ ಬಿರಿಯೋ ಹಾಗೆ ತಿಂದವಳಲ್ಲ. ನನಗ್ಯಾಕೆ ಸಿಸ್ಟರ್?”

“ನೀವು ಸೇದಲಿಲ್ಲ. ಮನೆಯೊಳಗಿನ ಹೊಗೆ ಕುಡಿದ್ರಿ. ಇಲ್ಲಿ ನೋಡಿದಾಗ ಸಕ್ಕರೇನೂ ಏರಿದೆ ಅಂದ್ರು. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಅಪಾಯ ಹೆಚ್ಚುತ್ತೆ. ನಿಮ್ಮ ತಾಯಿ ಹೇಗೆ ಹೋದ್ರು ಅಕ್ಕ?”

“ಸುಸ್ತು ಅಂತ ಮಲಗಿದ್ರು. ಏಳಲಿಲ್ಲ.”

ಗಂಡ ಕೇಳಿದ. “ಅಷ್ಟು ವರ್ಷ ಸುಮ್ಮನಿದ್ದದ್ದು ನಿನ್ನೆ ಹೇಗೆ ಮುಚ್ಚಿಕೊಳ್ತು?”

“ಆ ಗಡ್ಡೆ ಮೇಲೆ ತೆಳ್ಳಗೆ ಒಂದು ಪದರ ಇರುತ್ತೆ ಅಣ್ಣ. ಒಳಗಡೆ ಬಿಳಿ ಕಣಗಳ ಗದ್ದಲ ಹೆಚ್ಚಾದ ಹಾಗೆ ಪದರ ಸವೆಯುತ್ತೆ. ಒಂದಿನ ಹರಿಯುತ್ತೆ. ರಕ್ತ ಅದನ್ನ ಗಾಯ ಅಂದ್ಕೊಂಡು ಹೆಪ್ಪುಗಟ್ಟಿಬಿಡುತ್ತೆ. ಬೆರಳು ಕುಯ್ದುಕೊಂಡಾಗ ರಕ್ತ ಕಟ್ಟಿ ಜೀವ ಉಳಿಸೋದೂ ಅದೇ ಗುಣ. ನಾಳದೊಳಗೆ ಕಟ್ಟಿದ್ರೆ ಹೃದಯಕ್ಕೆ ರಕ್ತ ಇಲ್ಲ.”

ಮೆಟ್ಟಿಲಕ್ಕ ಮೇಲಿನ ಫ್ಯಾನು ನೋಡುತ್ತಾ ಮಲಗಿದ್ದಳು. “ಪಾಪ,” ಎಂದಳು.

“ಯಾರು ಪಾಪ?”

“ಅವೇ, ಆ ಕಣಗಳು. ಕ್ಲೀನ್ ಮಾಡೋಕೆ ಅಂತಲೇ ಬಂದವು. ಸಾಕು ಬಿಡಿ ಅಂತ ಅವಕ್ಕೆ ಹೇಳೋರು ಯಾರೂ ಇಲ್ವಾ ಸಿಸ್ಟರ್?”

“ಹೇಳೋಕಾಗಲ್ಲ ಅಕ್ಕ. ಅವುಗಳ ಕೆಲಸ ಕಡಿಮೆ ಮಾಡಬಹುದು ಅಷ್ಟೇ. ಮಾತ್ರೆ ಮಾಡೋದು ಅದನ್ನೇ. ರಕ್ತದಲ್ಲಿ ಕೊಬ್ಬಿನ ಕಣ ಇಳಿಸಿದ್ರೆ ಗೋಡೆಯೊಳಗೆ ನುಗ್ಗೋದು ಕಡಿಮೆ. ಹೊಗೆ ನಿಂತ್ರೆ ಕಮಟು ಹಿಡಿಯೋದು ಕಡಿಮೆ. ಆಗ ಅವೂ ಉಸಿರಾಡ್ತಾವೆ, ಪದರಾನೂ ಗಟ್ಟಿಯಾಗುತ್ತೆ.”

ಸಿಸ್ಟರ್ ಹೋದ ಮೇಲೆ ಗಂಡ ಕುರ್ಚಿ ಎಳೆದುಕೊಂಡು ಕೂತ. “ಇಷ್ಟು ನೋವಿತ್ತಲ್ಲ, ನನಗ್ಯಾಕೆ ಹೇಳ್ಲಿಲ್ಲ ನೀನು?”

“ಹೇಳಿದ್ರೆ ನೀವೇನ್ರೀ ಮಾಡ್ತಿದ್ರಿ?”

ಅವಳು ಜಗಳಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು. ಅವನು ಮಂಚದ ಕಂಬಿಯ ಮೇಲೆ ಒಣಗಿ ಅಂಟಿದ್ದ ಔಷಧಿಯ ಕಲೆಯೊಂದನ್ನು ಉಗುರಿನಿಂದ ಕೆರೆಯುತ್ತಾ ತುಂಬ ಹೊತ್ತು ಕೂತಿದ್ದ.

ಮನೆಗೆ ಬಂದ ಮೇಲೆ ಎಲ್ಲವೂ ಹೂವೆತ್ತಿದಂತೆ ಸರಿಹೋಯಿತು ಎಂದರೆ ಸುಳ್ಳಾದೀತು. ಅವನು ಸಿಗರೇಟು ಬಿಟ್ಟ, ಮತ್ತೆ ಹಿಡಿದ. ಒಮ್ಮೆ ಅಂಗಡಿಯ ಹಿಂದೆ ಸೇದಿ ಬಂದವನನ್ನು ಅತ್ತೆ ಮಂಚದಿಂದಲೇ ಮೂಗರಳಿಸಿ ಹಿಡಿದಳು. “ಒಬ್ಬ ಮಗನ್ನ ಕಳೆದುಕೊಂಡಿದೀನಿ, ಸೊಸೇನ ಕಳೆದುಕೊಳ್ಳೋಕೆ ನಾನು ತಯಾರಿಲ್ಲ ಕಣೋ. ಅವಳ ಮಾತ್ರೆಗೆ ನೀರು ಕೊಡೋಕೆ ನಿನಗಾಗಲ್ಲ, ಅವಳ ಎದೆಗೆ ಹೊಗೆ ಹಾಕೋಕೆ ಆಗುತ್ತೆ ಅಲ್ವಾ?” ಅವನು ತಲೆ ತಗ್ಗಿಸಿದ. ಆ ಮೇಲೆ ಸಿಸ್ಟರ್ ಅವನನ್ನು ಸಿಗರೇಟು ಬಿಡಿಸುವ ಆಪ್ತಸಲಹೆಗೆ ಕರೆದುಕೊಂಡು ಹೋದಳು. ಕೆಲವು ವಾರ ಅವನು ಸಿಡಿಮಿಡಿಗುಟ್ಟಿದ. ಗಿರಾಕಿಗಳು ಕಿವಿ ಜೋಪಾನವಾಗಿಟ್ಟುಕೊಂಡೇ ಕೂದಲು ಕೊಟ್ಟರು. ಈಗ ಬಿಟ್ಟಿದ್ದಾನೆ.

ಅತ್ತೆ ಮಂಚದ ಮೇಲೇ ಕೂತು ತರಕಾರಿ ಹೆಚ್ಚುತ್ತಾಳೆ. ಬೆಳಿಗ್ಗೆ ಚಹಾ ತಂದ ಸೊಸೆಯನ್ನು ತಡೆದು “ಮೊದಲು ನಿನ್ನ ಮಾತ್ರೆ ನುಂಗಿ ತೋರಿಸು, ಆಮೇಲೆ ನನ್ನ ಚಹಾ” ಎನ್ನುತ್ತಾಳೆ. ಗಂಡ ಅನ್ನಕ್ಕಿಡುವುದನ್ನು ಕಲಿತಿದ್ದಾನೆ. ಒಂದು ದಿನ ಮುದ್ದೆಯಾಗುತ್ತದೆ, ಒಂದು ದಿನ ಬೇಯುವುದೇ ಇಲ್ಲ. ಕಟ್ಟಡದವರು ಮೇಲಿನ ಮಹಡಿಗಳಿಗೆ ಬೇರೊಬ್ಬಳನ್ನು ಗೊತ್ತುಮಾಡಿದ್ದಾರೆ. ಮೆಟ್ಟಿಲಕ್ಕನಿಗೆ ಈಗ ಕೆಳಗಿನ ಪಡಸಾಲೆಯ ಕೆಲಸ ಮಾತ್ರ.

ನಡುವೆ ಒಮ್ಮೆ ಅವಳಿಗೆ ತೊಡೆಗಳು ನೋಯತೊಡಗಿದವು. ಕೊಲೆಸ್ಟ್ರಾಲ್ ಮಾತ್ರೆಯಿಂದಲೇ ಇರಬೇಕು, ಬಿಟ್ಟುಬಿಡೋಣ ಎನಿಸಿತು. ಈ ಸಲ ಅವಳು ಬಾಯಿ ಮುಚ್ಚಿಕೊಳ್ಳಲಿಲ್ಲ, ಮಾತ್ರೆಯನ್ನೂ ಬಿಡಲಿಲ್ಲ. ಡಾಕ್ಟರನ್ನು ಕೇಳಿದಳು. ಅವರು ರಕ್ತ ನೋಡಿ ಬೇರೆ ಮಾತ್ರೆ ಬರೆದುಕೊಟ್ಟರು. ನೋವು ಹೋಯಿತು.

ಈಗಲೂ ಸಂಜೆಯ ಹೊತ್ತಿಗೆ ಅವಳಿಗೆ ಸುಸ್ತಾಗುತ್ತದೆ. ಆದರೆ ಇದು ದುಡಿದ ಮೈಯ ಸುಸ್ತು, ಮಲಗಿ ಎದ್ದರೆ ಹೋಗುತ್ತದೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಮ್ಮಂದಿರೇ, ಅಣ್ಣಂದಿರೇ, ಕೆಟ್ಟ ಕೊಲೆಸ್ಟ್ರಾಲ್ ಮೈಯೊಳಗೆ ಮಾಡುವ ಕೆಲಸಕ್ಕೆ ಸದ್ದಿಲ್ಲ. ದಪ್ಪಗಿದ್ದವರಿಗೆ ಮಾತ್ರ ಬರುವ ಕಾಯಿಲೆಯೂ ಇದಲ್ಲ. ನಿಮ್ಮ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಿ. ಗಂಡನನ್ನು ಕರೆದುಕೊಂಡು ಹೋದವರು ನಿಮ್ಮ ತೋಳನ್ನೂ ಚಾಚಿ. ಡಾಕ್ಟರು ಕೊಟ್ಟ ಮಾತ್ರೆಯನ್ನು, ಈಗ ಚೆನ್ನಾಗಿದ್ದೇನೆ ಎಂದು ನೀವಾಗಿ ನಿಲ್ಲಿಸಬೇಡಿ. ಸೇದುವವರು ಸಿಗರೇಟು ಬಿಡಲು ಸಹಾಯ ಕೇಳಿ, ಒಂದು ಸಲ ಸೋತರೆ ಮತ್ತೊಮ್ಮೆ ಕೇಳಿ. ಹತ್ತುವಾಗ, ನಡೆಯುವಾಗ ಎದೆ, ದವಡೆ, ತೋಳು, ಬೆನ್ನಿನಲ್ಲಿ ಬಿಗಿತ ಬಂದು ಕೂತರೆ ಹೋಗುತ್ತಿದ್ದರೆ ಬೇಗನೆ ಡಾಕ್ಟರಿಗೆ ತೋರಿಸಿ. ಕೂತರೂ ಹೋಗದಿದ್ದರೆ, ತಣ್ಣನೆಯ ಬೆವರು, ಉಬ್ಬಸ, ವಾಕರಿಕೆ ಇದ್ದರೆ ಒಂದು ಕ್ಷಣವೂ ತಡಮಾಡದೆ ಆಂಬುಲೆನ್ಸ್ ಕರೆಸಿ. ಕೈಯಲ್ಲಿರುವ ಕೆಲಸ ಹಾಗೇ ಬಿದ್ದಿರಲಿ.

ನಿಮ್ಮ ಮಹಿಳಾ ಸಂಘದ ಸಭೆಯಲ್ಲಿ ಇದನ್ನು ಓದುತ್ತಿದ್ದರೆ ಕಾಗದ ಮಡಚುವ ಮುನ್ನ ಒಮ್ಮೆ ಸುತ್ತ ನೋಡಿ. ಎಲ್ಲರಿಗೂ ಚಹಾ ಕೊಟ್ಟು ಕೊನೆಗೆ ಬಾಗಿಲ ಬಳಿ ಕೂತವಳು ಯಾರು? ‘ಏನಿಲ್ಲ, ಸುಸ್ತು ಅಷ್ಟೇ’ ಎಂದು ನಗುವವಳು ಯಾರು? ಇವತ್ತು ಅವಳ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ಆ ಸುಸ್ತು ಯಾವಾಗ ಬರುತ್ತದೆ ಎಂದು ಕೇಳಿ. ಅವಳು ಉತ್ತರ ಹೇಳುವವರೆಗೂ ಏಳಬೇಡಿ.